ಕೊನೆಗೆ ಬಂದವನಿಗೆ ಹತ್ತು ಏಟು

ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಪಂತೋಜಿ ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಅವನಿಗೆ ಸಂದ ಗೌರವ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಏಟು ಹೆಚ್ಚುತ್ತಾ ಹೋಗುತ್ತದೆ.

ಇದು ಬಳ್ಳಾರಿ ಜಿಲ್ಲೆಯ ಊರ ಶಾಲೆಗಳ ಚಿತ್ರ. ಬರೆದವರು ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ವರ್ಷ 1823. ಅದಕ್ಕೆ ಹಿಂದಿನ ವರ್ಷ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ದೇಶೀಯ ಶಾಲೆಗಳ ವಿವರ ಕೇಳಿದ್ದರು. ಬಹಳಷ್ಟು ಕಲೆಕ್ಟರುಗಳು ಅಂಕಿಅಂಶಗಳ ಪಟ್ಟಿ ಕಳಿಸಿ ಕೈತೊಳೆದುಕೊಂಡರು. ತೆಲುಗು ವ್ಯಾಕರಣವನ್ನೇ ಬರೆದಿದ್ದ ಕ್ಯಾಂಪ್‌ಬೆಲ್ ಮಾತ್ರ ಶಾಲೆಯ ಒಳಗಿನ ದಿನಚರಿಯನ್ನೂ ದಾಖಲಿಸಿದರು. ಅವರ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳೇ 235. ಒಂದು ಶಾಲೆಗೆ ಸರಾಸರಿ 12 ಮಕ್ಕಳು. ಅಂದರೆ ಕೊನೆಗೆ ಬಂದವನಿಗೆ, ಲೆಕ್ಕ ತಪ್ಪದಿದ್ದರೆ, 10 ಏಟು.

ತಡವಾಗಿ ಬಂದವನ ಪಾಡು ಇದಾದರೆ, ಪಾಠ ಒಪ್ಪಿಸದವನದು ಇನ್ನೂ ಕಷ್ಟ. ಅವನ ಎರಡೂ ಕೈಗಳನ್ನು ಕಟ್ಟಿ, ರಾಟೆಯ ಮೂಲಕ ಸೂರಿಗೆ ತೂಗುಹಾಕುತ್ತಿದ್ದರು. ನಮ್ಮ ಹಿರಿಯರ ಬಾಯಲ್ಲಿ 'ಕೋದಂಡ' ಎನಿಸಿಕೊಂಡಿದ್ದ ಶಿಕ್ಷೆ ಇದೇ. ಇಲ್ಲವೇ ಬಿಡುವಿಲ್ಲದೆ ಬಸ್ಕಿ ಹೊಡೆಸುತ್ತಿದ್ದರು. ಬಸ್ಕಿ ನೋವಿನದಾದರೂ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂಬ ಮಾತನ್ನೂ ಕಲೆಕ್ಟರ್ ಸಾಹೇಬರು ಸೇರಿಸಿದ್ದಾರೆ! ಹಾಗೆಂದು ಅವರು ಈ ಶಾಲೆಗಳನ್ನು ಹೀಗಳೆದವರಲ್ಲ. ಕಡಿಮೆ ಖರ್ಚಿನಲ್ಲಿ ಅಕ್ಷರ ಕಲಿಸುವ ಕ್ರಮವನ್ನೂ, ಮುಂದಿನ ಹುಡುಗರೇ ಹಿಂದಿನವರಿಗೆ ಪಾಠ ಹೇಳುವ ಪದ್ಧತಿಯನ್ನೂ ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದಿದ್ದಾರೆ.

ಆ ಅನುಕರಣೆಯ ಕಥೆ ಸ್ವಾರಸ್ಯವಾಗಿದೆ. ಮದರಾಸಿನ ಎಗ್ಮೋರ್‌ನ ಅನಾಥಾಲಯದಲ್ಲಿದ್ದ ಪಾದ್ರಿ ಆಂಡ್ರೂ ಬೆಲ್, ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಈ ಪದ್ಧತಿಯನ್ನು ತಮ್ಮಲ್ಲೂ ಪ್ರಯೋಗಿಸಿ, 1797ರಲ್ಲಿ ಪುಸ್ತಕ ಬರೆದರು. ಲಂಡನ್ನಿನಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರ್ ಎಂಬ ತರುಣನೂ ಇಂಥದೇ ಪದ್ಧತಿಯನ್ನು ಬೆಳೆಸಿದ. ಆತ ಕ್ವೇಕರ್ ಪಂಥದವನು, ಬೆತ್ತದ ವಿರೋಧಿ. ಹಾಗಾದರೆ ತುಂಟರನ್ನು ಏನು ಮಾಡುತ್ತಿದ್ದ? ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದ. ಕಾಲಿಗೆ ಮರದ ಬೇಡಿ ಹಾಕುತ್ತಿದ್ದ. ತಪ್ಪು ಮತ್ತೆ ಮತ್ತೆ ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ತೂಗುಹಾಕಿಸುತ್ತಿದ್ದ. ಕೆಳಗಿನ ಮಕ್ಕಳೆಲ್ಲ ಪಂಜರದ ಹಕ್ಕಿ ನೋಡಿದಂತೆ ನೋಡಿ ನಗಬೇಕು. ಏಟಿಲ್ಲ, ನಿಜ. ಆದರೆ ಬಳ್ಳಾರಿಯ ಹುಡುಗನಂತೆ ಲಂಡನ್ನಿನ ಹುಡುಗನೂ ಸೂರಿನಿಂದಲೇ ನೇತಾಡಿದ. ಮೈಗೆ ಬೀಳುತ್ತಿದ್ದ ಪೆಟ್ಟು ಮಾನಕ್ಕೆ ಬಿತ್ತು, ಅಷ್ಟೆ.

ಮತ್ತೆ ಕ್ಯಾಂಪ್‌ಬೆಲ್ ವರದಿಗೆ ಬರೋಣ. ಶಿಕ್ಷೆಯ ವಿವರ ಮುಗಿದು ಕೆಲವು ಪುಟಗಳಾದ ಮೇಲೆ ಅವರು ಇನ್ನೊಂದು ವಿಷಯಕ್ಕೆ ಕೈಹಾಕುತ್ತಾರೆ. ಸುಮಾರು ಹತ್ತು ಲಕ್ಷ ಜನರಿರುವ ಜಿಲ್ಲೆಯಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲ; ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ. ಕಾರಣ ನಾಡಿಗೆ ಬಂದ ಬಡತನ. ಎಳೆಯ ಕೈಕಾಲಿಗೆ ಚೂರು ಶಕ್ತಿ ಬಂದ ಕೂಡಲೇ ಮಕ್ಕಳನ್ನು ದುಡಿಮೆಗೆ ಹಚ್ಚದೆ ತಂದೆತಾಯಿಗಳಿಗೆ ಗತ್ಯಂತರವಿಲ್ಲ ಎನ್ನುತ್ತಾರೆ. ಕಂಪನಿ ಸರ್ಕಾರದ ಅಧಿಕಾರಿಯೊಬ್ಬ ತನ್ನದೇ ಸರ್ಕಾರಕ್ಕೆ ಹೀಗೆ ಬರೆದದ್ದು ಸಣ್ಣ ಮಾತಲ್ಲ. ಆದರೂ ವರದಿಯ ಈ ಎರಡು ಭಾಗಗಳು ಒಂದನ್ನೊಂದು ನೋಡುವುದಿಲ್ಲ. ಆರು ಗಂಟೆಗೆ ಬರಲಾಗದ ಹುಡುಗ ದನ ಬಿಟ್ಟು ಬಂದನೇ, ತಂಗಿಯನ್ನು ಎತ್ತಿಕೊಂಡಿದ್ದನೇ, ಹಸಿದಿದ್ದನೇ ಎಂಬ ಪ್ರಶ್ನೆ ಪಂತೋಜಿಗೆ ಹೊಳೆದಿರಬಹುದೇನೋ. ಕಲೆಕ್ಟರರ ವರದಿಯಲ್ಲಂತೂ ಇಲ್ಲ.

ಮಗುವಿನ ತಂಟೆಗೆ ಕಾರಣವನ್ನು ಮಗುವಿನಾಚೆಗೂ ಹುಡುಕಿದವರಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಒಬ್ಬರು. ವಕೀಲಿ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದವರು. ಅವರ 'ದಿವಾಸ್ವಪ್ನ' ಎಂಬ ಕಥನದ ಮೇಷ್ಟರು ನಾಲ್ಕನೇ ತರಗತಿಗೆ ಹೋದ ಮೊದಲ ದಿನ ಮಕ್ಕಳಿಗೆ ಮೌನದ ಆಟ ಹೇಳಿಕೊಡಲು ಹೊರಡುತ್ತಾರೆ. ತರಗತಿ ಸಂತೆಯಾಗುತ್ತದೆ. ಬೆತ್ತ ಹುಡುಕುವ ಬದಲು ಅವರು ಮಕ್ಕಳನ್ನು ಮನೆಗೆ ಕಳಿಸಿ, ತನ್ನ ಲೆಕ್ಕಾಚಾರವೇ ತಪ್ಪಿತೆಂದು ಯೋಚಿಸುತ್ತಾರೆ. ಮರುದಿನ ಕಥೆಯಿಂದ ಆರಂಭ. ಅದೇ ಮಕ್ಕಳು ಕಿವಿಗೊಟ್ಟು ಕೂರುತ್ತಾರೆ.

ಕಾನೂನು ಇಲ್ಲಿಗೆ ಬರಲು ಬಹಳ ಕಾಲ ಹಿಡಿಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸಿತು. ಬಳ್ಳಾರಿಯ ರಾಟೆಯೂ ಲಂಡನ್ನಿನ ಬುಟ್ಟಿಯೂ ಒಂದೇ ವಾಕ್ಯದಲ್ಲಿ ಹೋದವು. 16ನೇ ಕಲಮಿನಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಹೊರಗೆ ಕಳಿಸುವಂತಿಲ್ಲ. ಇನ್ನೇನು ಮಾಡೋಣ ಹೇಳಿ ಎಂದು ಮೇಷ್ಟರುಗಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಐವತ್ತು ಮಕ್ಕಳ ಎದುರು ಒಬ್ಬರೇ ನಿಂತವರಿಗೆ ಬರೀ ಕಲಮು ಓದಿ ಹೇಳಿದರೆ ಸಾಲದು. ಹುಡುಗ ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಯಾರ ಪಕ್ಕ ಕುಳಿತಾಗ ಗಲಾಟೆ ಮಾಡುತ್ತಾನೆ ಎಂದು ಒಂದೆರಡು ವಾರ ಬರೆದಿಟ್ಟುಕೊಳ್ಳುವುದು, ಕಣ್ಣು ಕಿವಿ ತಪಾಸಣೆ ಮಾಡಿಸುವುದು, ಮನೆಯವರನ್ನು ದೂರು ಹೇಳಲಲ್ಲದೆ ಬೇರೆ ದಿನವೂ ಮಾತನಾಡಿಸುವುದು: ಇವಕ್ಕೆ ಹೊತ್ತು ಬೇಕು, ಜೊತೆಗೆ ಇನ್ನೊಬ್ಬ ಶಿಕ್ಷಕರೂ ಬೇಕು.

ಹಸಿವಿಗಂತೂ ಒಂದು ಉತ್ತರ ಸಿಕ್ಕಿದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ದುಡಿಮೆಯ ಮಾತು ಬೇರೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲ ಬಂತೆಂದರೆ ಆ ಸೀಮೆಯ ಶಾಲೆಗಳ ಹಿಂದಿನ ಬೆಂಚುಗಳು ಈಗಲೂ ಖಾಲಿಯಾಗುತ್ತವೆ.