ವಿಕಿಪೀಡಿಯಕ್ಕೆ ಕನ್ನಡ ಕೀಲಿಮಣೆ ಬಂದ ಬಗೆ

ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಹಾನುಬಾಳು ಎಂಬ ಊರಿದೆ. ಈ ಹೆಸರನ್ನು ಕಾಗದದ ಮೇಲೆ ಬರೆದರೆ ನಾಲ್ಕು ಅಕ್ಷರ. ಗಣಕದ ಒಳಗೆ ಮಾತ್ರ ಅದು ಎಂಟು ಸಂಕೇತಗಳ ಸಾಲು: ಹ ಮತ್ತು ಅದರ ಇಳಿ, ನ ಮತ್ತು ಅದರ ಕೊಂಬು, ಬ ಮತ್ತು ಅದರ ಇಳಿ, ಳ ಮತ್ತು ಅದರ ಕೊಂಬು. ಪ್ರತಿಯೊಂದಕ್ಕೂ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆಯಿದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ದೊರೆತಿತ್ತು.

ಆದರೆ ನಿಮ್ಮ ಶಾಲೆಯ ಗಣಕದ ಕೀಲಿಮಣೆಯ ಮೇಲೆ ಇರುವುದು ಇಂಗ್ಲಿಷಿನ 26 ಅಕ್ಷರಗಳು. ಅದರಲ್ಲಿ ಯಾವ ಕನ್ನಡ ತಂತ್ರಾಂಶವನ್ನೂ ಅಳವಡಿಸದೆ ವಿಕಿಪೀಡಿಯದ ಪುಟ ತೆರೆದು ‘ಹಾನುಬಾಳು’ ಎಂದು ಬರೆಯಬಹುದು. ಇದು ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರ ಪ್ಲಗಿನ್ ಎಂಬ ಚಿಕ್ಕ ತಂತ್ರಾಂಶದ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ತಿಳಿಯೋಣ.

ಮೊದಲಿದ್ದ ತೊಡಕು

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರ ಜೂನ್ ತಿಂಗಳಲ್ಲಿ. ಆಗ ಕನ್ನಡದಲ್ಲಿ ಬರೆಯಬಲ್ಲ ತಂತ್ರಾಂಶಗಳು ಇರಲಿಲ್ಲವೆಂದಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಆ ಹೊತ್ತಿಗೇ ಬಳಕೆಯಲ್ಲಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಇದೇ ವಿನ್ಯಾಸವನ್ನು ಅನುಸರಿಸಿತ್ತು. ಆದರೆ ಅಂದಿನ ನುಡಿಯ ಫಾಂಟುಗಳು ಯೂನಿಕೋಡ್‌ಗೆ ಸೇರಿದವಲ್ಲ. ಅವುಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸಿದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ವಿಕಿಪೀಡಿಯಕ್ಕೆ ಯೂನಿಕೋಡ್ ಬೇಕಿತ್ತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಇತ್ತು. ಆದರೆ ಅದನ್ನು ಸಕ್ರಿಯಗೊಳಿಸಲು ಸಾಮಾನ್ಯವಾಗಿ ಮೂಲ ಸಿ.ಡಿ. ಹಾಕಿ ಹೆಚ್ಚುವರಿ ಕಡತಗಳನ್ನು ಅಳವಡಿಸಬೇಕಾಗಿತ್ತು. ಸೈಬರ್ ಕೆಫೆಯಲ್ಲಿ ಅರ್ಧ ಗಂಟೆಗೆಂದು ಕುಳಿತ ವಿದ್ಯಾರ್ಥಿಗೆ ಅದು ಆಗುವ ಮಾತಲ್ಲ. ಹೀಗಾಗಿ ಬರೆಯುವ ಮನಸ್ಸಿದ್ದವರೂ ಓದಿ ಸುಮ್ಮನಾಗಬೇಕಾಗಿತ್ತು. ಬರೆಯುವ ಸಾಧನವು ಬಳಕೆದಾರನ ಗಣಕದಲ್ಲಿರುವ ಬದಲು ಜಾಲತಾಣದಲ್ಲೇ ಇದ್ದರೆ ಈ ತೊಡಕು ತೀರುತ್ತಿತ್ತು.

ತಿರುಳು ಮತ್ತು ಕೊಕ್ಕೆ

ವಿಕಿಪೀಡಿಯವನ್ನು ನಡೆಸುವ ತಂತ್ರಾಂಶದ ಹೆಸರು ಮೀಡಿಯಾವಿಕಿ. 2001ರ ಜನವರಿಯಲ್ಲಿ ವಿಕಿಪೀಡಿಯ ಆರಂಭವಾದಾಗ ಯೂಸ್‌ಮಾಡ್‌ವಿಕಿ ಎಂಬ ಬೇರೆ ತಂತ್ರಾಂಶ ಬಳಕೆಯಲ್ಲಿತ್ತು. 2002ರ ಜನವರಿಯಲ್ಲಿ ಮ್ಯಾಗ್ನಸ್ ಮಾನ್‌ಸ್ಕೆ ಬರೆದ ಹೊಸ ತಂತ್ರಾಂಶ ಬಂತು. ಅದೇ ವರ್ಷದ ಜುಲೈನಲ್ಲಿ ಲೀ ಡೇನಿಯಲ್ ಕ್ರಾಕರ್ ಪುನಃ ಬರೆದ ರೂಪ ಬಂತು. ಇದಕ್ಕೆ ಮೀಡಿಯಾವಿಕಿ ಎಂಬ ಹೆಸರು ಬಿದ್ದದ್ದು 2003ರಲ್ಲಿ. ಇದು ಗ್ನೂ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಇದರ ಆಕರ ಸಂಕೇತವನ್ನು ಯಾರೂ ಓದಬಹುದು, ಬದಲಾಯಿಸಬಹುದು.

ಹಾಗಿದ್ದರೆ ಕನ್ನಡಕ್ಕೆ ಬೇಕಾದುದನ್ನು ನೇರವಾಗಿ ಆ ಸಂಕೇತದೊಳಗೇ ತಿದ್ದಬಹುದಿತ್ತಲ್ಲವೇ? ತಿದ್ದಬಹುದಿತ್ತು. ಆದರೆ ಮುಂದಿನ ಆವೃತ್ತಿ ಬಂದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ, ಇಲ್ಲವೆ ಪ್ರತಿ ಬಾರಿಯೂ ಹೊಸದಾಗಿ ತಿದ್ದಬೇಕಾಗುತ್ತದೆ. ನೂರಾರು ಭಾಷೆಗಳವರು ಹೀಗೆ ತಮತಮಗೆ ತಿದ್ದಿಕೊಂಡರೆ ನೂರಾರು ಮೀಡಿಯಾವಿಕಿಗಳಾಗುತ್ತವೆ.

ಇದಕ್ಕೆ ಪರಿಹಾರವೇ ಹುಕ್, ಎಂದರೆ ಕೊಕ್ಕೆ. ತಂತ್ರಾಂಶದ ತಿರುಳು ತನ್ನ ಕೆಲಸದ ಗೊತ್ತಾದ ಹಂತಗಳಲ್ಲಿ ಒಂದು ಕ್ಷಣ ನಿಂತು, ‘ಇಲ್ಲಿ ಯಾರಿಗಾದರೂ ಏನಾದರೂ ಮಾಡಬೇಕಿದೆಯೇ?’ ಎಂದು ಕೇಳುತ್ತದೆ. ಆ ಹಂತಕ್ಕೆ ಮೊದಲೇ ಹೆಸರು ನೋಂದಾಯಿಸಿಕೊಂಡ ಪ್ಲಗಿನ್ ಆಗ ತನ್ನ ಕೆಲಸ ಮಾಡುತ್ತದೆ. ಪುಟವನ್ನು ಓದುಗನಿಗೆ ಕಳುಹಿಸುವ ಮುನ್ನ ಮೀಡಿಯಾವಿಕಿಯಲ್ಲಿ ಇಂಥದೊಂದು ಕೊಕ್ಕೆಯಿದೆ. ಕೀಲಿಮಣೆಯ ಪ್ಲಗಿನ್ ಅಲ್ಲಿ, ‘ಈ ಪುಟದ ಜೊತೆ ನನ್ನ ಜಾವಾಸ್ಕ್ರಿಪ್ಟ್ ಕಡತವನ್ನೂ ಕಳುಹಿಸು’ ಎಂದು ಸೇರಿಸುತ್ತದೆ. ತಿರುಳಿನ ಒಂದು ಸಾಲೂ ಬದಲಾಗುವುದಿಲ್ಲ. ಮೀಡಿಯಾವಿಕಿಯಲ್ಲಿ ಇಂಥ ಪ್ಲಗಿನ್‌ಗಳಿಗೆ ವಿಸ್ತರಣೆಗಳೆಂದು ಹೆಸರು.

ಕಾಫಿ ತೋಟದಲ್ಲಿ ನೆರಳಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ನೆನಪಿಸಿಕೊಳ್ಳಿ. ಬಳ್ಳಿಗೆ ತನ್ನದೇ ಬೇರು, ತನ್ನದೇ ಫಸಲು; ಮರದಿಂದ ಅದು ಪಡೆಯುವುದು ಆಸರೆ ಮಾತ್ರ. ಆದರೆ ಮರಗಸಿ ಮಾಡುವಾಗ ಬಳ್ಳಿಯ ಕಡೆ ಗಮನವಿರಬೇಕು. ಮರ ಬಿದ್ದರೆ ಬಳ್ಳಿಯೂ ಬೀಳುತ್ತದೆ. ತಿರುಳಿನ ಹೊಸ ಆವೃತ್ತಿ ಬಂದಾಗ ಪ್ಲಗಿನ್‌ನ ಪಾಡೂ ಹೀಗೆಯೇ.

ಈ ಬಗೆಯ ರಚನೆ ಮೀಡಿಯಾವಿಕಿಗಷ್ಟೇ ಸೀಮಿತವಲ್ಲ. ವರ್ಡ್‌ಪ್ರೆಸ್‌ಗೆ ಪ್ಲಗಿನ್ ವ್ಯವಸ್ಥೆ ಬಂದದ್ದು 2004ರ ಮೇ ತಿಂಗಳಿನ 1.2ನೇ ಆವೃತ್ತಿಯಲ್ಲಿ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ಕನ್ನಡದ ‘ಸಂಪದ’ ತಾಣಕ್ಕೆ ಆಧಾರವಾದದ್ದು ಮಾಡ್ಯೂಲ್‌ಗಳ ಮೂಲಕ ಬೆಳೆಯುವ ದ್ರೂಪಲ್ ಎಂಬ ಮುಕ್ತ ತಂತ್ರಾಂಶ.

ನಾರಾಯಂ ಬಂತು, ಹೋಯಿತು

ವಿಕಿಪೀಡಿಯದಲ್ಲಿ ಬರೆಯುವ ತೊಡಕಿಗೆ ಪರಿಹಾರ ಮೊಳೆತದ್ದು ನೆರೆಯ ಮಲಯಾಳಂ ಬಳಗದಲ್ಲಿ. ಜುನೈದ್ ಪಿ.ವಿ. ಅವರು ಬರೆದ ವಿಸ್ತರಣೆಯ ಹೆಸರು ‘ನಾರಾಯಂ’. ಮಲಯಾಳದಲ್ಲಿ ಈ ಪದಕ್ಕೆ ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟ ಎಂದರ್ಥ. ಮಲಯಾಳಕ್ಕೆಂದು ಹುಟ್ಟಿದರೂ ಕೀಲಿಗಳ ನಿಯಮಗಳನ್ನು ಭಾಷೆಗೊಂದರಂತೆ ಬೇರೆ ಬೇರೆ ಕಡತಗಳಲ್ಲಿ ಇಡುವ ವ್ಯವಸ್ಥೆ ಅದರಲ್ಲಿತ್ತು. ಆದ್ದರಿಂದ ಕನ್ನಡದ ನಿಯಮಗಳ ಕಡತವನ್ನು ಸೇರಿಸುವುದು ಸುಲಭವಾಯಿತು. 2011ರಲ್ಲಿ ನಾರಾಯಂ ವಿಕಿಮೀಡಿಯ ತಾಣಗಳಲ್ಲಿ ಬಳಕೆಗೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂತೋಷ್ ತೊಟ್ಟಿಂಗಲ್ ಅವರ ‘ವೆಬ್‌ಫಾಂಟ್ಸ್’ ವಿಸ್ತರಣೆಯೂ ಬಂದಿತು. ಓದುಗನ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅದನ್ನು ಪುಟದ ಜೊತೆಗೇ ಒದಗಿಸುವುದು ಇದರ ಕೆಲಸ.

2013ರಲ್ಲಿ ಇವೆರಡರ ಕೆಲಸವನ್ನೂ ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಎಂಬ ಒಂದೇ ವಿಸ್ತರಣೆ ವಹಿಸಿಕೊಂಡಿತು. ನಾರಾಯಂ ನಿವೃತ್ತವಾಯಿತು. ಆದರೆ ಕೀಲಿಮಣೆಯ ಭಾಗವನ್ನು ‘ಜೆಕ್ವೆರಿ.ಐಎಂಇ’ ಎಂಬ ಪ್ರತ್ಯೇಕ ಸಂಗ್ರಹವಾಗಿ ಬೇರ್ಪಡಿಸಲಾಗಿತ್ತು. ಮೀಡಿಯಾವಿಕಿಯ ಹೊರಗಿನ ಜಾಲತಾಣಗಳೂ ಅದನ್ನು ಬಳಸಬಹುದು. ಕನ್ನಡಕ್ಕೆ ಅದರಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ವಿನ್ಯಾಸಗಳಿವೆ.

ನಿಯಮಗಳ ಒಳನೋಟ

ಈಗ ಹಾನುಬಾಳಿಗೆ ಮರಳೋಣ. ಲಿಪ್ಯಂತರಣದಲ್ಲಿ ಎಚ್ ಕೀಲಿ ಒತ್ತಿದರೆ ‘ಹ್’ ಮೂಡುತ್ತದೆ. ನಂತರ ದೊಡ್ಡ ಎ ಒತ್ತಿದಾಗ ‘ಅರ್ಧಾಕ್ಷರದ ಚಿಹ್ನೆಯನ್ನು ತೆಗೆದು ಇಳಿಯನ್ನು ಇಡು’ ಎಂಬ ನಿಯಮ ಜಾರಿಯಾಗಿ ‘ಹಾ’ ಆಗುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಎಚ್ ಒತ್ತಿದೊಡನೆ ‘ಹ’ ಮೂಡುತ್ತದೆ, ದೊಡ್ಡ ಎ ಅದಕ್ಕೆ ಇಳಿ ಕೊಡುತ್ತದೆ. ಅದೇ ದೊಡ್ಡ ಎ ಪದದ ಆರಂಭದಲ್ಲಿ ಬಂದರೆ ‘ಆಲೂರು’ ಪದದ ‘ಆ’ ಆಗುತ್ತದೆ. ಹಿಂದೆ ಏನಿದೆ ಎಂಬುದನ್ನು ನೋಡಿ ಮುಂದಿನದನ್ನು ನಿರ್ಧರಿಸುವುದೇ ಈ ನಿಯಮಗಳ ಗುಟ್ಟು.

ಹಾನುಬಾಳು ಎಂದು ಬರೆಯಲು ಎರಡು ವಿಧಾನಗಳಲ್ಲೂ ಎಂಟೇ ಕೀಲಿಗಳು ಸಾಕು. ಸಕಲೇಶಪುರಕ್ಕೆ ಮಾತ್ರ ಕೆ.ಪಿ. ರಾವ್ ವಿನ್ಯಾಸದಲ್ಲಿ 8, ಲಿಪ್ಯಂತರಣದಲ್ಲಿ 12. ಸ, ಕ, ಶ, ರ ಈ ನಾಲ್ಕಕ್ಕೂ ‘ಅ’ ಸ್ವರವನ್ನು ಪ್ರತ್ಯೇಕವಾಗಿ ಒತ್ತಬೇಕಾದುದೇ ಕಾರಣ. ‘ಕನ್ನಡ’ ಪದಕ್ಕೆ ಕ್ರಮವಾಗಿ 5 ಮತ್ತು 7. ಈ ಲೆಕ್ಕವನ್ನು ನಿಮ್ಮ ಊರಿನ ಹೆಸರಿಗೂ ಮಾಡಿ ನೋಡಿ. ತರಗತಿಯ ಕಪ್ಪುಹಲಗೆಯ ಮೇಲೆ ಮಾಡಬಹುದಾದ ಒಳ್ಳೆಯ ಚಟುವಟಿಕೆಯಿದು, ಗಣಕವೇ ಬೇಕಿಲ್ಲ.

ಆಸರೆಗೂ ಬೆಲೆಯಿದೆ

ಪ್ಲಗಿನ್ ಸೇರಿಸಿದರೆ ಲಾಭವೇ ಹೊರತು ಹೊರೆಯಿಲ್ಲವೆಂದು ಭಾವಿಸಬೇಡಿ. 2014ರ ಜನವರಿ 21ರಂದು ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರನ್ನು ವಿಕಿಮೀಡಿಯ ತಾಣಗಳಲ್ಲಿ ನಿಷ್ಕ್ರಿಯಗೊಳಿಸಲಾಯಿತು. ಫಾಂಟ್ ಕಡತಗಳಿಂದಾಗಿ ಪುಟಗಳು ತಡವಾಗಿ ತೆರೆಯುತ್ತಿವೆ ಎಂಬುದು ಅದಕ್ಕೆ ಕಾರಣ. ಖಾತೆ ತೆರೆದವರು ತಮ್ಮ ಆದ್ಯತೆಗಳಲ್ಲಿ ಬೇಕೆಂದು ಗುರುತು ಹಾಕಿಕೊಳ್ಳಬೇಕಾಯಿತು. ಬರೆಯುವ ಸೌಲಭ್ಯ ಮುಂದೆ ಮರಳಿತು. ಫಾಂಟ್ ಒದಗಿಸುವ ಭಾಗವನ್ನು ಮಾತ್ರ ಬಳಕೆದಾರರ ಆಯ್ಕೆಗೆ ಬಿಡಲಾಯಿತು. ಒಬ್ಬರ ಅನುಕೂಲಕ್ಕೆ ಎಲ್ಲರ ಪುಟವೂ ನಿಧಾನವಾಗಬಾರದು ಎಂಬ ವಾದದಲ್ಲಿ ನ್ಯಾಯವಿತ್ತು. ಆದರೆ ಫಾಂಟ್ ಇಲ್ಲದ ಗಣಕದ ಮುಂದೆ ಕುಳಿತವನಿಗೆ ನಿಧಾನವಾಗಿ ಬರುವ ಪುಟವೇ ಖಾಲಿ ಚೌಕಗಳಿಗಿಂತ ಮೇಲು. ಎರಡನ್ನೂ ತೂಗಿ ನೋಡುವ ಕೆಲಸ ಪ್ಲಗಿನ್ ಬರೆಯುವವರಿಗೆ ತಪ್ಪಿದ್ದಲ್ಲ.

ಇನ್ನೊಂದು ಎಚ್ಚರಿಕೆ: ಪ್ಲಗಿನ್‌ಗೆ ತಿರುಳಿನಷ್ಟೇ ಅಧಿಕಾರವಿರುತ್ತದೆ. ಅದರಲ್ಲಿನ ಒಂದು ದೋಷ ಇಡೀ ತಾಣವನ್ನು ಅಪಾಯಕ್ಕೆ ಒಡ್ಡಬಲ್ಲದು. ನಿಮ್ಮ ಶಾಲೆಯ ಜಾಲತಾಣಕ್ಕೆ ಪ್ಲಗಿನ್ ಆರಿಸುವಾಗ ಅದು ಕೊನೆಯದಾಗಿ ಪರಿಷ್ಕೃತವಾದದ್ದು ಯಾವಾಗ ಎಂಬುದನ್ನು ಮೊದಲು ನೋಡಿ.

ಉಳಿದದ್ದು ಯಾವುದು?

ಕೆ.ಪಿ. ರಾವ್ ಅವರ ವಿನ್ಯಾಸ ನುಡಿಯಲ್ಲಿತ್ತು. ಇಂದು ಅದು ಬ್ರೌಸರ್‌ನೊಳಗೆ ಜೆಕ್ವೆರಿ.ಐಎಂಇ ಮೂಲಕ ಕೆಲಸ ಮಾಡುತ್ತಿದೆ. ನಡುವೆ ಫಾಂಟುಗಳ ಸಂಕೇತ ಬದಲಾಯಿತು, ನಾರಾಯಂ ಎಂಬ ಪ್ಲಗಿನ್ ಬಂದು ಹೋಯಿತು. ಉಳಿದದ್ದು ಯಾವ ಕೀಲಿಗೆ ಯಾವ ಅಕ್ಷರ ಎಂಬ ಕನ್ನಡದ ತಿಳಿವಳಿಕೆ. ಅದು ಯಾವುದೋ ಒಂದು ತಂತ್ರಾಂಶದೊಳಗೆ ಬೆರೆತುಹೋಗದೆ, ಬೇರೆಯೇ ಕಡತದಲ್ಲಿ ಎಲ್ಲರೂ ಓದುವಂತೆ, ಎಲ್ಲರೂ ತಿದ್ದುವಂತೆ ಇದ್ದುದರಿಂದ ಹೊಸ ಆಸರೆಗೆ ದಾಟಲು ಸಾಧ್ಯವಾಯಿತು.

ಮೊಬೈಲ್‌ಗಳಲ್ಲಿ ಈಗ ಕನ್ನಡ ಕೀಲಿಮಣೆ ಸುಲಭವಾಗಿ ಸಿಗುತ್ತದೆ. ಆದರೂ ತಂತ್ರಾಂಶ ಅಳವಡಿಸಲು ಅನುಮತಿಯಿಲ್ಲದ ಶಾಲೆ, ಗ್ರಂಥಾಲಯಗಳ ಗಣಕಗಳಲ್ಲಿ ಈ ಕಡತವೇ ಆಧಾರ. ಅದನ್ನು ನೋಡಿಕೊಳ್ಳುವವರು ವೇತನಕ್ಕಷ್ಟೇ ದುಡಿಯುವವರಲ್ಲ. ಕನ್ನಡ ಬಲ್ಲ ಯಾರೂ ಅದರ ತಪ್ಪು ಹಿಡಿದು ತಿಳಿಸಬಹುದು. ವಿಜ್ಞಾನದ ವಿದ್ಯಾರ್ಥಿಗಳೇ, ಆ ಕಡತವನ್ನು ಒಮ್ಮೆ ತೆರೆದು ಓದಿ. ಪ್ರೋಗ್ರಾಮಿಂಗ್ ಹೆಚ್ಚು ತಿಳಿಯದಿದ್ದರೂ ಅದರಲ್ಲಿರುವ ಅರ್ಧದಷ್ಟು ನಿಮಗೆ ಅರ್ಥವಾಗುತ್ತದೆ, ಏಕೆಂದರೆ ಅದು ನೀವು ಒಂದನೇ ತರಗತಿಯಲ್ಲಿ ಕಲಿತ ಕಾಗುಣಿತ.