ಹೋಗಿದ್ದು ಕರೆಂಟೋ, ಪೆಟ್ರೋಲೋ? ಅಂಬಾಸಿಡರ್ ಕಾಲದ ಒಂದು ಪರೀಕ್ಷೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಒಂದು ಕಾಲಕ್ಕೆ ಮದುವೆಗೂ ಅಂಬಾಸಿಡರ್, ದವಾಖಾನಿಗೂ ಅಂಬಾಸಿಡರ್. ಈಗ ಉಳಿದವು ಕಡಿಮೆ. ಅವುಗಳಲ್ಲೂ ಕೆಲವು ತಾಡಪತ್ರಿ ಹೊದ್ದು ಹಿತ್ತಲಲ್ಲಿ ನಿಂತಿವೆ. ‘ಚಾಲೂ ಆಗವಲ್ದು’ ಎಂಬ ಒಂದೇ ಕಾರಣಕ್ಕೆ ಗಾಡಿ ಗುಜರಿಗೆ ಹೋಗುತ್ತದೆ. ಹಾಗೆ ಕಳಿಸುವ ಮುನ್ನ, ಹಳೆಯ ಮಿಸ್ತ್ರಿಗಳು ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ನಾವೂ ಕೇಳಬೇಕು: ಹೋಗಿದ್ದು ಕರೆಂಟೋ, ಪೆಟ್ರೋಲೋ?

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಅಂಬಾಸಿಡರ್‌ನ ಮೂಲ. ಹಿಂದುಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದನ್ನು ತಯಾರಿಸಲು ಶುರುಮಾಡಿ, 2014ರಲ್ಲಿ ನಿಲ್ಲಿಸಿತು. ಬಹುಕಾಲ ಬಂದ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಕಂಪ್ಯೂಟರ್ ಇರಲಿಲ್ಲ. ಪೆಟ್ರೋಲ್ ಅಳೆಯಲು ಕಾರ್ಬೊರೇಟರ್, ಕಿಡಿಗೆ ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್. ಪ್ಲಗ್ ಮಟ್ಟಿಗೆ ಕರ್ನಾಟಕದ್ದೂ ಪಾಲಿತ್ತು: 1951ರಲ್ಲಿ ಆರಂಭವಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ತಯಾರಿಸಿತು. ಅದೇ ಈಗಿನ ಬಾಷ್.

ಯಂತ್ರ ಸರಳವಾದ್ದರಿಂದ ಪರೀಕ್ಷೆಯೂ ಸರಳ. ಸ್ವಿಚ್ ಆರಿಸಿದಂತೆ ಎಂಜಿನ್ ಥಟ್ಟನೆ ನಿಂತರೆ ಅನುಮಾನ ಕರೆಂಟ್ ಮೇಲೆ. ಕೆಮ್ಮಿ, ಜಗ್ಗಿ, ನಿಧಾನವಾಗಿ ಸತ್ತರೆ ಪೆಟ್ರೋಲ್ ಮೇಲೆ.

ಕರೆಂಟ್ ನೋಡಲು ಪ್ಲಗ್ ಬಿಚ್ಚಿ, ವೈರ್‌ಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿ ಸ್ಟಾರ್ಟರ್ ತಿರುಗಿಸುತ್ತಿದ್ದರು. ನೀಲಿ, ದಪ್ಪ ಕಿಡಿ ಬಂದರೆ ಸರಿ. ಹಳದಿ, ಸಣ್ಣ ಕಿಡಿಯಾದರೆ ಪಾಯಿಂಟ್ ಸುಟ್ಟಿರಬಹುದು, ಕಂಡೆನ್ಸರ್ ಕೆಟ್ಟಿರಬಹುದು. ಪಾಯಿಂಟ್ ಸಂದು ಸುಮಾರು 0.4 ಮಿ.ಮೀ. ಇರಬೇಕು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ ಒರೆಸಿದರೇ ಎಷ್ಟೋ ಗಾಡಿ ಚಾಲೂ ಆಗುತ್ತಿದ್ದವು.

ಪೆಟ್ರೋಲ್ ನೋಡಲು ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿಯುತ್ತಿದ್ದರು. ಈ ಎರಡು ಪರೀಕ್ಷೆಗಳನ್ನು ಎಂದೂ ಒಟ್ಟಿಗೆ ಮಾಡಬಾರದು. ಕಿಡಿ ಇದ್ದಲ್ಲಿ ಪೆಟ್ರೋಲ್ ಇರಬಾರದು. ಪ್ಲಗ್ ಬಣ್ಣವೂ ಮಾತಾಡುತ್ತದೆ: ಕಂದು ಇದ್ದರೆ ಸರಿ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ. ಬ್ಯಾಸಗಿಯಲ್ಲಿ ಕಾದ ಪೈಪ್‌ನೊಳಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯದಿದ್ದರೆ ಮದ್ದು ಒದ್ದೆ ಅರಿವೆ.

ಎಂಜಿನ್ ಅದೇ ಉಳಿದರೂ ಪೆಟ್ರೋಲ್ ಬದಲಾಗುತ್ತ ಬಂತು. ಅಗ್ಗದ ರೇಷನ್ ಸೀಮೆಎಣ್ಣೆ ಬೆರೆತ ಪೆಟ್ರೋಲ್ ಎಂಜಿನ್‌ನೊಳಗೆ ಮಸಿ ಕಟ್ಟಿಸುತ್ತಿತ್ತು. ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದು ಈ ಕಲಬೆರಕೆ ಗುರುತಿಸಲೆಂದೇ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಸೀಸ ಜನರ ಆರೋಗ್ಯಕ್ಕೆ ವಿಷ, ಹೋಗಿದ್ದೇ ಒಳ್ಳೆಯದು. ಆದರೆ ಹಳೆ ಎಂಜಿನ್‌ನ ವಾಲ್ವ್ ಸೀಟಿಗೆ ಅದೇ ರಕ್ಷಣೆಯಾಗಿತ್ತು.

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಎಥನಾಲ್ ಕಬ್ಬು, ಮೆಕ್ಕೆಜೋಳದಿಂದಲೂ ಬರುವುದರಿಂದ ರೈತರಿಗೆ ಇನ್ನೊಂದು ಮಾರುಕಟ್ಟೆ. ಆದರೆ ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆ ಜಿಡ್ಡು ಎಬ್ಬಿಸಿ ಫಿಲ್ಟರ್, ಜೆಟ್ ಕಟ್ಟಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯಬಹುದು.

ಹಾಗಾಗಿ ಹಿತ್ತಲಲ್ಲಿ ನಿಂತ ಕಾರು ಚಾಲೂ ಆಗದಿದ್ದರೆ ಎಂಜಿನ್ ಬಿಚ್ಚಿಸಲು ಅವಸರ ಬೇಡ. ಹಳೆ ಪೆಟ್ರೋಲ್ ಖಾಲಿ ಮಾಡಿ, ಎಥನಾಲ್ ತಾಳುವ ಪೈಪ್, ಹೊಸ ಫಿಲ್ಟರ್ ಹಾಕಿಸಿ, ಆಮೇಲೆ ಪಾಯಿಂಟ್, ಪ್ಲಗ್ ನೋಡಿಸಿ. ಕಿಡಿಯ ಬಣ್ಣ ನೋಡಿ ರೋಗ ಹೇಳುವ ಮಿಸ್ತ್ರಿಗಳು ಇನ್ನೂ ಇದ್ದಾರೆ, ಅವರಿಗೆ ವಯಸ್ಸಾಗಿದೆ. ಕಾರು ತೋರಿಸಲು ಹೋದಾಗ ಮನೆಯ ಹುಡುಗರನ್ನೂ ಜೊತೆಗೆ ಕರೆದೊಯ್ಯಿರಿ. ಈ ವಿದ್ಯೆ ಕಣ್ಣಾರೆ ನೋಡಿಯೇ ಕಲಿಯುವಂಥದ್ದು.