ಕೊಳವೆಯ ನೀರು ಮತ್ತು ಎತ್ತರದ ಮಾನ

ಉದ್ದವಾದ ಕೊಳವೆಯಲ್ಲಿ ಹರಿಯುವ ನೀರು ಘರ್ಷಣೆಯಿಂದ ತನ್ನ ಶಕ್ತಿಯಲ್ಲಿ ಕೆಲವಂಶವನ್ನು ಕಳೆದುಕೊಳ್ಳುವುದು. ಈ ನಷ್ಟವನ್ನು ಜಲಶಾಸ್ತ್ರಜ್ಞರು ಅಡಿ ಅಥವಾ ಮೀಟರುಗಳಲ್ಲಿ ಹೇಳುವರು. ಕಳೆದುದು ಶಕ್ತಿ, ಅಳೆದುದು ಎತ್ತರ. ಈ ವ್ಯವಹಾರವು ಹೇಗೆ ಬಳಕೆಗೆ ಬಂದಿತೆಂಬುದು ವಿಚಾರಾರ್ಹವಾದುದು.

ಪಾತ್ರೆಯ ರಂಧ್ರದಿಂದ ಚಿಮ್ಮುವ ನೀರಿನ ವೇಗವು, ರಂಧ್ರದ ಮೇಲಿರುವ ನೀರಿನ ಎತ್ತರದಿಂದ ಬಿದ್ದ ವಸ್ತುವಿನ ವೇಗಕ್ಕೆ ಸಮವೆಂದು ಇಟಲಿಯ ಟೊರಿಚೆಲ್ಲಿಯು 1644ರಲ್ಲಿ ಪ್ರಕಟಿಸಿದನು. ಇದರಿಂದ ವೇಗವನ್ನು ಎತ್ತರವಾಗಿ ಎಣಿಸಲು ದಾರಿಯಾಯಿತು. ಡೇನಿಯಲ್ ಬರ್ನೂಲಿಯು 1738ರ ತನ್ನ ಗ್ರಂಥದಲ್ಲಿ ಒತ್ತಡವನ್ನೂ ವೇಗದೊಡನೆ ಸಂಬಂಧಿಸಿದನು. ನೀರನ್ನು ಮೇಲೆತ್ತುವ ಕೆಲಸವನ್ನು ಆ ನೀರಿನ ತೂಕದಿಂದಲೇ ಭಾಗಿಸಿದರೆ ಉಳಿಯುವುದು ಎತ್ತರ ಮಾತ್ರ. ಆದುದರಿಂದ ಒಂದು ಮೀಟರು ನಷ್ಟವೆಂದರೆ, ಹರಿಯುವ ದ್ರವವನ್ನು ಒಂದು ಮೀಟರು ಎತ್ತಬಲ್ಲ ಶಕ್ತಿಯ ನಷ್ಟವೆಂದೇ ಅರ್ಥ. ನೀರಿನ ಒಂದು ಮೀಟರಿಗಿಂತ ಪಾದರಸದ ಒಂದು ಮೀಟರಿನ ಒತ್ತಡವು ಸುಮಾರು 13.6ರಷ್ಟು ಅಧಿಕವಾದುದರಿಂದ, ದ್ರವದ ಹೆಸರನ್ನು ಬಿಟ್ಟರೆ ಒತ್ತಡವು ನಿರ್ಣಯವಾಗದು.

ಫ್ರಾನ್ಸಿನ ಪ್ರೋನಿಯು 1804ರಲ್ಲಿ, ವೇಗವನ್ನೂ ವೇಗದ ವರ್ಗವನ್ನೂ ಎರಡು ಗುಣಕಗಳಿಂದ ಗುಣಿಸಿ ಕೂಡಿಸುವ ಸೂತ್ರವನ್ನು ಕೊಟ್ಟನು. ಆ ಗುಣಕಗಳಿಗೆ ತಮ್ಮದೇ ಮಾನಗಳಿದ್ದುದರಿಂದ, ಮೀಟರಿನ ಸಂಖ್ಯೆಗಳು ಅಡಿಯ ಲೆಕ್ಕಕ್ಕೆ ಒದಗುತ್ತಿರಲಿಲ್ಲ. 1845ರಲ್ಲಿ ಜರ್ಮನಿಯ ವೈಸ್‌ಬಾಖನು ಈ ತೊಡಕನ್ನು ಬಿಡಿಸಿದನು. ಕೊಳವೆಯ ಉದ್ದವನ್ನು ವ್ಯಾಸದಿಂದ ಭಾಗಿಸಿ, ಅದನ್ನು ವೇಗಕ್ಕೆ ಸಮನಾದ ಎತ್ತರದಿಂದಲೂ ಒಂದು ಗುಣಕದಿಂದಲೂ ಗುಣಿಸಿದರೆ ನಷ್ಟವು ದೊರೆಯುವುದು. ಇಲ್ಲಿ ಗುಣಕವು ಮಾನರಹಿತವಾದ ಶುದ್ಧಸಂಖ್ಯೆ. ಗುಣಕವು 0.02, ಉದ್ದ 100 ಮೀಟರು, ವ್ಯಾಸ 0.1 ಮೀಟರು, ವೇಗ ಸೆಕೆಂಡಿಗೆ 1 ಮೀಟರು ಎಂದಿಟ್ಟುಕೊಂಡರೆ, ನಷ್ಟವು ಸುಮಾರು 1.02 ಮೀಟರು. ಕೊಳವೆಯ ಒಳಮೈಯ ಒರಟುತನವೂ ನಷ್ಟವನ್ನು ಹೆಚ್ಚಿಸುವುದೆಂದು ಡಿಜೋನಿನ ಡಾರ್ಸಿಯು 1857ರಲ್ಲಿ ಪ್ರಕಟವಾದ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟನು. ಇವರಿಬ್ಬರ ಹೆಸರುಗಳು ಸೂತ್ರದಲ್ಲಿ ಜೊತೆಗೂಡಿರುವುದು ಯುಕ್ತವೇ ಸರಿ.

ಆದರೆ ಶುದ್ಧಸಂಖ್ಯೆಯೂ ಅಪಾಯರಹಿತವಲ್ಲ. ಫ್ಯಾನಿಂಗನ ಹೆಸರಿನಿಂದ ರೂಢಿಯಲ್ಲಿರುವ ಗುಣಕವು, ವ್ಯಾಸಕ್ಕೆ ಬದಲಾಗಿ ವ್ಯಾಸದ ನಾಲ್ಕನೆಯ ಒಂದು ಭಾಗವನ್ನು ಆಧರಿಸಿರುವುದರಿಂದ, ವೈಸ್‌ಬಾಖನ ಗುಣಕದ ಕಾಲುಭಾಗವಾಗಿದೆ. ಎರಡಕ್ಕೂ ಒಂದೇ ಅಕ್ಷರವನ್ನು ಬಳಸುವವರುಂಟು. ಒಂದನ್ನು ಮತ್ತೊಂದೆಂದು ಗ್ರಹಿಸಿದವನ ಲೆಕ್ಕದಲ್ಲಿ ನಷ್ಟವು ನಾಲ್ಮಡಿಯಾಗುವುದು, ಇಲ್ಲವೆ ಕಾಲುಭಾಗಕ್ಕಿಳಿಯುವುದು. ಎರಡನೆಯ ತಪ್ಪಿನಿಂದ ಕಿರಿದಾದ ಕೊಳವೆಯನ್ನು ಹಾಕಿಸಿದ ಊರಿಗೆ ಸಾಕಷ್ಟು ನೀರು ತಲುಪದು. ಪದದ ಅರ್ಥವು ಪ್ರಯೋಗವನ್ನು ಅವಲಂಬಿಸಿರುವಂತೆ, ಸಂಖ್ಯೆಯ ಅರ್ಥವೂ ಅದರ ಹಿಂದಿನ ವ್ಯಾಖ್ಯೆಯನ್ನು ಅವಲಂಬಿಸಿರುವುದು.